ಕೆಟ್ಟಿದೆ ಎನ್ನಬೇಡಿ, ಎಲ್ಲಿ ನಿಂತಿತು ಹೇಳಿ

ಟ್ರ್ಯಾಪ್, ಸ್ಕೀಟ್ ಮುಂತಾದ ಶಾಟ್‌ಗನ್ ಸ್ಪರ್ಧೆಗಳ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ನನಗೆ ತುಂಬ ಹಿಡಿಸಿದ ನಿಯಮವೊಂದಿದೆ. ಹೊಡೆಯುವ ಹೊತ್ತಿಗೆ ಕೋವಿ ಕೈಕೊಟ್ಟರೆ ಸ್ಪರ್ಧಿ ಅದರ ಬಾಯಿಯನ್ನು ಗುರಿ ಹಾರುವ ದಿಕ್ಕಿಗೇ ಹಿಡಿದುಕೊಂಡು ಸುಮ್ಮನೆ ನಿಲ್ಲಬೇಕು. ರೆಫರಿ ಬಂದು ನೋಡುವವರೆಗೆ ಕೋವಿ ತೆರೆಯುವಂತಿಲ್ಲ, ಸೇಫ್ಟಿ ಕ್ಯಾಚ್ ಮುಟ್ಟುವಂತಿಲ್ಲ. ಆತುರಪಟ್ಟು ಮುಟ್ಟಿದರೆ ಆ ಗುರಿ ತಪ್ಪಿದ ಲೆಕ್ಕಕ್ಕೆ ಹೋಗುತ್ತದೆ. ಕೋವಿ ನಿಜವಾಗಿಯೂ ಕೆಟ್ಟಿತ್ತೇ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಈ ನಿಯಮದ ಮೊದಲ ಕಾರಣ ಸುರಕ್ಷತೆ. ಎರಡನೆಯ ಕಾರಣ ಸಾಕ್ಷ್ಯ. ಯಂತ್ರ ನಿಂತಾಗ ಅದು ಯಾವ ಭಂಗಿಯಲ್ಲಿ ನಿಂತಿದೆಯೋ ಅದೇ ಅದರ ಹೇಳಿಕೆ. ಒಮ್ಮೆ ಬೋಲ್ಟ್ ಎಳೆದು, ಕುಲುಕಿ, ಸಿಕ್ಕಿಕೊಂಡ ತೋಟಾ ಕಿತ್ತೆಸೆದರೆ ಹೇಳಿಕೆ ಅಳಿಸಿಹೋಯಿತು. ಆಮೇಲೆ ಉಳಿಯುವುದು ಊಹೆ ಮತ್ತು ಜಗಳ. ಕೆಟ್ಟುಹೋದ ಯಾವ ವಸ್ತುವಿನ ಬಗ್ಗೆಯಾದರೂ ‘ಕೆಟ್ಟಿದೆ’ ಎನ್ನುವುದು ದೂರೇ ಅಲ್ಲ, ‘ಇಲ್ಲಿ ನಿಂತಿತು’ ಎನ್ನುವುದು ದೂರು ಎಂಬುದು ನನ್ನ ವಾದ. ಇದನ್ನು ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್‌ನಷ್ಟು ಚೆನ್ನಾಗಿ ಕಲಿಸುವ ಯಂತ್ರವನ್ನು ನಾನು ಕಂಡಿಲ್ಲ.

ಕೋವಿಯ ಮಾತು ಕನ್ನಡ ಓದುಗರಿಗೆ ಏಕೆ ಎನ್ನಬಹುದು. ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಪೂಜೆಗೆ ಕೂರುವ ವಸ್ತು. ಕೈಲ್ ಪೊಳ್ದ್ ದಿನ ಹೂವಿಟ್ಟು, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ನಮ್ಮ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಒಂಟಿನಳಿಗೆ ಅಥವಾ ಜೋಡುನಳಿಗೆ ಕೋವಿ. ಅದನ್ನು ಮುರಿದು ತೋಟಾ ತುಂಬಬೇಕು, ಹೊಡೆದ ಮೇಲೆ ಮತ್ತೆ ಮುರಿದು ಖಾಲಿ ತೋಟಾ ತೆಗೆಯಬೇಕು. ಎಲ್ಲ ಕೆಲಸವೂ ಕೈಯದೇ ಆದ್ದರಿಂದ ತೊಂದರೆ ಎಲ್ಲಿ ಎಂಬುದು ಕೈಗೇ ಗೊತ್ತಾಗುತ್ತದೆ. ಸೆಮಿ ಆಟೋಮ್ಯಾಟಿಕ್ ಕೋವಿಯ ಕಥೆ ಬೇರೆ. ಕುದುರೆ ಎಳೆಯುವುದೊಂದೇ ಮನುಷ್ಯನ ಕೆಲಸ. ಖಾಲಿ ತೋಟಾ ಎಳೆಯುವುದು, ಎಸೆಯುವುದು, ಹೊಸತನ್ನು ಎತ್ತುವುದು, ಒಳಗೆ ತಳ್ಳುವುದು, ಬೀಗ ಹಾಕುವುದು ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ. ಭಾರತದಲ್ಲಿ ಶಸ್ತ್ರ ನಿಯಮಗಳು ಇಂಥ ಆಯುಧಗಳನ್ನು ಬಿಗಿಯಾಗಿ ಕಟ್ಟಿಹಾಕಿವೆ. ಅದರ ನಿಜವಾದ ನೆಲೆ ಅಮೆರಿಕ ಮತ್ತು ಯುರೋಪಿನ ಬೇಟೆಯ ಬಯಲು, ಕ್ಲೇ ಗುರಿಯ ಮೈದಾನ.

ಒದೆತವನ್ನೇ ಕೂಲಿಗೆ ಹಚ್ಚಿದವನು

ಈ ಕೋವಿಯ ಮೂಲಪುರುಷ ಅಮೆರಿಕದ ಯೂಟಾ ರಾಜ್ಯದ ಆಗ್ಡೆನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ಹೊಡೆದಾಗ ಕೋವಿ ಹೆಗಲಿಗೆ ಒದೆಯುತ್ತದಲ್ಲ, ಆ ವ್ಯರ್ಥ ಶಕ್ತಿಯನ್ನೇ ದುಡಿಸಿಕೊಂಡರೆ ಹೇಗೆ ಎಂಬುದು ಅವನ ಯೋಚನೆ. ವಿಂಚೆಸ್ಟರ್ ಕಂಪನಿಯ ಜತೆ ವ್ಯವಹಾರ ಕುದುರಲಿಲ್ಲ. ರೆಮಿಂಗ್ಟನ್ ಕಂಪನಿಯ ಮುಖ್ಯಸ್ಥನನ್ನು ಕಾಣಲು ಹೋದ. 1902ರ ಜನವರಿಯಲ್ಲಿ, ಇವನು ಕಾಯುತ್ತಿದ್ದ ಹೊತ್ತಿನಲ್ಲೇ ಆತ ಹೃದಯಾಘಾತದಿಂದ ತೀರಿಕೊಂಡ. ಕಡೆಗೆ ಬ್ರೌನಿಂಗ್ ಬೆಲ್ಜಿಯಂಗೆ ಹೋಗಿ ಎಫ್‌ಎನ್ ಕಾರ್ಖಾನೆಯಲ್ಲಿ ತಯಾರಿಸಲು ಒಪ್ಪಂದ ಮಾಡಿಕೊಂಡ. ಮ್ಯಾಗಜಿನ್‌ನಲ್ಲಿ ನಾಲ್ಕು, ಚೇಂಬರ್‌ನಲ್ಲಿ ಒಂದು, ಒಟ್ಟು ಐದು ತೋಟಾ ಹಿಡಿಯುವ ಆ ಗೂನುಬೆನ್ನಿನ ಕೋವಿಗೆ ‘ಆಟೋ-5’ ಎಂಬ ಹೆಸರು ನಿಂತಿತು. ಹೆಚ್ಚೂಕಡಿಮೆ ಇಡೀ 20ನೇ ಶತಮಾನ ಅದು ತಯಾರಾಯಿತು.

ಆಟೋ-5 ಓಡುವ ಬಗೆ ಚೆಂದ. ಹೊಡೆದಾಗ ನಳಿಗೆ ಮತ್ತು ಬೋಲ್ಟ್ ಒಂದನ್ನೊಂದು ಹಿಡಿದುಕೊಂಡೇ ಹಿಂದಕ್ಕೆ ಸರಿಯುತ್ತವೆ. ಪೂರ್ತಿ ಹಿಂದೆ ಹೋದ ಮೇಲೆ ಬೋಲ್ಟ್ ಅಲ್ಲೇ ಉಳಿಯುತ್ತದೆ, ನಳಿಗೆ ಮಾತ್ರ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಮರಳುತ್ತದೆ. ನಳಿಗೆ ಮುಂದೆ ಹೋದಂತೆ ಖಾಲಿ ತೋಟಾ ಬೋಲ್ಟಿನ ಕೊಕ್ಕೆಯಲ್ಲಿ ಉಳಿದು ಹೊರಗೆ ಹಾರುತ್ತದೆ. ಆಮೇಲೆ ಬೋಲ್ಟ್ ಮುಂದೆ ನುಗ್ಗಿ ಹೊಸ ತೋಟಾವನ್ನು ಒಳಗೆ ತಳ್ಳುತ್ತದೆ.

ಆದರೆ ತೋಟಾಗಳೆಲ್ಲ ಒಂದೇ ಬಲದವಲ್ಲ. ಬಾತುಕೋಳಿ ಹೊಡೆಯುವ ಭಾರಿ ತೋಟಾ ಜೋರಾಗಿ ಒದೆಯುತ್ತದೆ, ಸಣ್ಣ ಹಕ್ಕಿಯದು ಮೆಲ್ಲಗೆ. ಅದಕ್ಕೆ ಬ್ರೌನಿಂಗ್ ಮ್ಯಾಗಜಿನ್ ಕೊಳವೆಯ ಮೇಲೆ ಕಂಚು ಮತ್ತು ಉಕ್ಕಿನ ಘರ್ಷಣೆಯ ಬಳೆಗಳನ್ನಿಟ್ಟ. ಬಳೆಗಳ ಜೋಡಣೆ ಭಾರಿ ತೋಟಾಕ್ಕೆ ಒಂದು ಥರ, ಹಗುರ ತೋಟಾಕ್ಕೆ ಇನ್ನೊಂದು ಥರ. ಭಾರಿಯ ಜೋಡಣೆಯಲ್ಲಿ ಹಗುರ ತೋಟಾ ಹೊಡೆದರೆ ನಳಿಗೆ ಪೂರ್ತಿ ಹಿಂದೆ ಬರುವುದಿಲ್ಲ, ಕೋವಿ ಅರ್ಧಕ್ಕೆ ನಿಲ್ಲುತ್ತದೆ. ಹಗುರದ ಜೋಡಣೆಯಲ್ಲಿ ಭಾರಿ ತೋಟಾ ಹೊಡೆದರೆ ಕೋವಿ ಸೊಗಸಾಗಿ ಓಡುತ್ತದೆ, ಆದರೆ ಪ್ರತಿ ಹೊಡೆತಕ್ಕೂ ಉಕ್ಕು ಉಕ್ಕಿಗೆ ಅಪ್ಪಳಿಸಿ, ಕಾಲ ಕಳೆದಂತೆ ಮುಂಗೈ ಹಿಡಿಯುವ ಮರ ಸೀಳು ಬಿಡುತ್ತದೆ. ಓಡುತ್ತಿದೆ ಎಂದ ಮಾತ್ರಕ್ಕೆ ಸರಿಯಾಗಿದೆ ಎಂದು ಅರ್ಥವಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಮುಂದೆ ಬೇರೆ ಎರಡು ದಾರಿಗಳು ಜನಪ್ರಿಯವಾದವು. ಒಂದು ಗ್ಯಾಸ್. ನಳಿಗೆಯಲ್ಲಿ ಕೊರೆದ ಸಣ್ಣ ರಂಧ್ರಗಳಿಂದ ಮದ್ದಿನ ಹೊಗೆಯ ಒಂದು ಪಾಲು ಹೊರಬಂದು ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಬೋಲ್ಟನ್ನು ತಳ್ಳುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಈ ಬಗೆಯದು. ಇನ್ನೊಂದು ಜಡತ್ವ. ಇಟಲಿಯ ಬೆನೆಲ್ಲಿ ಕೋವಿಗಳಲ್ಲಿರುವುದು ಇದೇ. ಕೋವಿ ಹಿಂದೆ ಒದೆದಾಗ ಭಾರದ ಬೋಲ್ಟ್ ಕ್ಷಣಕಾಲ ಇದ್ದಲ್ಲೇ ಇರುತ್ತದೆ. ನಡುವಿನ ಗಟ್ಟಿ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಮರುಕ್ಷಣ ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಬಸ್ಸು ಹಠಾತ್ತನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಅದೇ ತತ್ವ.

ನಿಂತ ಭಂಗಿಯೇ ಉತ್ತರ

ನಾನು ಸಾಫ್ಟ್‌ವೇರ್ ಎಂಜಿನಿಯರ್. ನನ್ನ ಕಣ್ಣಿಗೆ ಈ ಕೋವಿ ಹಂತ ಹಂತವಾಗಿ ಸಾಗುವ ಒಂದು ಪ್ರೋಗ್ರಾಮ್. ತೋಟಾ ಮ್ಯಾಗಜಿನ್‌ನಿಂದ ಬರಬೇಕು, ಚೇಂಬರ್ ಸೇರಬೇಕು, ಬೋಲ್ಟ್ ಬೀಗ ಬೀಳಬೇಕು, ಸಿಡಿಯಬೇಕು, ಬೀಗ ಬಿಡಬೇಕು, ಕೊಕ್ಕೆ ಖಾಲಿ ತೋಟಾ ಎಳೆಯಬೇಕು, ಅದು ಹೊರಗೆ ಹಾರಬೇಕು, ಸುತ್ತಿಗೆ ಮತ್ತೆ ಏರಿ ಕೂರಬೇಕು. ಎಂಟು ಹಂತ. ಹಿಂದಿನದು ಮುಗಿಯದೆ ಮುಂದಿನದು ಆಗದು. ಆದ್ದರಿಂದ ಎಲ್ಲಿ ನಿಂತಿದೆ ಎಂದು ನೋಡಿದರೆ ಹುಡುಕಬೇಕಾದ ಜಾಗ ಎಂಟರಿಂದ ಒಂದೆರಡಕ್ಕೆ ಇಳಿಯುತ್ತದೆ.

ಖಾಲಿ ತೋಟಾ ಚೇಂಬರ್‌ನಲ್ಲೇ ಕೂತಿದೆ, ಬೋಲ್ಟ್ ಮಾತ್ರ ಹಿಂದೆ ಹೋಗಿ ಬಂದಿದೆ ಎನ್ನಿ. ಆಗ ಅನುಮಾನ ಎಳೆಯುವ ಹಂತದ ಮೇಲೆ. ಕೊಕ್ಕೆ ಸವೆದಿದೆಯೇ, ಅದರ ಕೆಳಗೆ ಮಸಿ ತುಂಬಿದೆಯೇ, ಚೇಂಬರ್‌ನಲ್ಲಿ ತುಕ್ಕು ಅಥವಾ ಕರಗಿದ ಪ್ಲಾಸ್ಟಿಕ್ ಹಿಡಿದಿದೆಯೇ ನೋಡಬೇಕು. ತೋಟಾದ ಬುಡವನ್ನೂ ನೋಡಬೇಕು. ಹಿತ್ತಾಳೆಯ ಬುಡ ಸಿಡಿದಾಗ ಹಿಗ್ಗಿ ಮತ್ತೆ ಕುಗ್ಗುತ್ತದೆ. ಅಗ್ಗದ ತೋಟಾಗಳ ಉಕ್ಕಿನ ಬುಡ ಅಷ್ಟು ಕುಗ್ಗದೆ ಗೋಡೆಗೆ ಕಚ್ಚಿಕೊಳ್ಳುತ್ತದೆ. ನುಣುಪಾದ ಚೇಂಬರ್‌ನಲ್ಲಿ ಇದು ತೊಂದರೆಯೇ ಅಲ್ಲ, ಒರಟಾದ ಚೇಂಬರ್‌ನಲ್ಲಿ ಕೋವಿಯೇ ನಿಂತುಬಿಡುತ್ತದೆ.

ಖಾಲಿ ತೋಟಾ ಹೊರಬರುವ ಕಿಟಕಿಯಲ್ಲಿ ಸಿಕ್ಕಿ, ಒಲೆಯ ಹೊಗೆಕೊಳವೆಯ ಹಾಗೆ ನಿಂತಿದೆ ಎನ್ನಿ. ಕೊಕ್ಕೆ ತನ್ನ ಕೆಲಸ ಮಾಡಿದೆ. ಒಂದೋ ಹೊರಗೆಸೆಯುವ ಎಜೆಕ್ಟರ್ ಮುರಿದಿದೆ, ಇಲ್ಲವೇ ಬೋಲ್ಟ್ ಪೂರ್ತಿ ಹಿಂದೆ ಹೋಗುವ ಮೊದಲೇ ದಣಿದಿದೆ. ಎರಡನೆಯದೇ ಹೆಚ್ಚು. ಶಕ್ತಿ ಎಲ್ಲಿ ಸೋರಿತು ಎಂಬುದು ಆಗಿನ ಪ್ರಶ್ನೆ. ತೋಟಾ ಹಗುರವೇ, ಗ್ಯಾಸ್ ರಂಧ್ರ ಮಸಿಯಿಂದ ಮುಚ್ಚಿದೆಯೇ, ಪಿಸ್ಟನ್‌ನ ಸೀಲ್ ಹರಿದಿದೆಯೇ, ಹಿಂಬದಿಯ ಸ್ಪ್ರಿಂಗ್ ಕೊಳವೆಯಲ್ಲಿ ಹಳೆಯ ಎಣ್ಣೆ ಗಟ್ಟಿಯಾಗಿದೆಯೇ ಎಂದು ಒಂದೊಂದಾಗಿ ಕೇಳಬೇಕು. ಜಡತ್ವದ ಕೋವಿಯಾದರೆ, ಅದಕ್ಕೆ ಟಾರ್ಚು, ಹೆಚ್ಚುವರಿ ತೋಟಾ ಪಟ್ಟಿ ಎಂದೆಲ್ಲ ಭಾರ ಹೇರಿದ್ದಾರೆಯೇ ನೋಡಬೇಕು. ಆ ಕೋವಿ ಹಿಂದಕ್ಕೆ ಸರಿದರೆ ಮಾತ್ರ ಓಡುತ್ತದೆ, ಭಾರ ಹೆಚ್ಚಿದಷ್ಟೂ ಸರಿಯುವುದು ಕಡಿಮೆ.

ಶಕ್ತಿ ಸಾಲುತ್ತಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೂ ಇದೆ. ಒಂದೇ ಒಂದು ತೋಟಾ ತುಂಬಿ ಹೊಡೆಯಬೇಕು. ಬಹುತೇಕ ಸೆಮಿ ಆಟೋಮ್ಯಾಟಿಕ್ ಕೋವಿಗಳಲ್ಲಿ ಕೊನೆಯ ತೋಟಾ ಮುಗಿದಾಗ ಬೋಲ್ಟ್ ಹಿಂದೆಯೇ ಕಚ್ಚಿಕೊಂಡು ನಿಲ್ಲುತ್ತದೆ. ಹಾಗೆ ನಿಂತರೆ ಬೋಲ್ಟ್ ಪೂರ್ತಿ ಹಿಂದೆ ಹೋಗಿದೆ ಎಂದರ್ಥ. ಮತ್ತೆ ಮತ್ತೆ ನಿಲ್ಲದೆ ಮುಂದೆ ಮುಚ್ಚಿಕೊಂಡರೆ ಬಲ ಸಾಲುತ್ತಿಲ್ಲ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಖಾಲಿ ತೋಟಾ ಹಾರಿಹೋಗಿದೆ, ಬೋಲ್ಟ್ ಮುಚ್ಚಿದೆ, ಆದರೆ ಚೇಂಬರ್ ಖಾಲಿ ಎನ್ನಿ. ಆಗ ತನಿಖೆ ಮ್ಯಾಗಜಿನ್ ಕಡೆ ತಿರುಗುತ್ತದೆ. ಅಲ್ಲಿನ ಸ್ಪ್ರಿಂಗ್ ದಣಿದಿರಬಹುದು, ಕೊಳವೆ ನೆಗ್ಗಿರಬಹುದು, ತೋಟಾ ತಡೆದು ಬಿಡುವ ಪಟ್ಟಿ ಸವೆದಿರಬಹುದು. ಬೋಲ್ಟ್ ಸಾಕಷ್ಟು ಹಿಂದೆ ಹೋಗದೆ ಹೊಸ ತೋಟಾದ ಬೆನ್ನು ಹಿಡಿಯದೆಯೂ ಇರಬಹುದು. ಇಲ್ಲೂ ಆ ಒಂಟಿ ತೋಟಾದ ಪರೀಕ್ಷೆಯೇ ಎರಡನ್ನು ಬೇರ್ಪಡಿಸುತ್ತದೆ.

ತೋಟಾ ಒಳಗಿದೆ, ಕುದುರೆ ಎಳೆದರೆ ‘ಕ್ಲಿಕ್’ ಎಂಬ ಸದ್ದು ಮಾತ್ರ ಬಂತು ಎನ್ನಿ. ಪ್ರೈಮರ್ ಕೆಟ್ಟಿದೆ ಎಂದು ತೋಟಾದ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಬೋಲ್ಟ್ ಕೂದಲೆಳೆಯಷ್ಟು ಪೂರ್ತಿ ತಿರುಗದೆ ಉಳಿದಾಗಲೂ ಹೀಗೆಯೇ ಆಗುತ್ತದೆ. ಸದ್ದಾಗದಿರಲೆಂದು ಬೋಲ್ಟನ್ನು ಮೆಲ್ಲಗೆ ಮುಚ್ಚುವ ಬೇಟೆಗಾರರಿಗೆ ಇದು ಚೆನ್ನಾಗಿ ಗೊತ್ತು. ಶೂಟರ್‌ಗಳ ನಡುವೆ ಇದಕ್ಕೆ ‘ಬೆನೆಲ್ಲಿ ಕ್ಲಿಕ್’ ಎಂಬ ಅಡ್ಡಹೆಸರೇ ಇದೆ. ಹೊರತೆಗೆದ ತೋಟಾದ ಪ್ರೈಮರ್ ಮೇಲಿನ ಗುರುತು ನೋಡಿ. ಗುರುತು ಆಳವಾಗಿದ್ದರೆ ಅನುಮಾನ ತೋಟಾದ ಕಡೆ, ತೆಳುವಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಕೋವಿಯ ಕಡೆ.

ಮೂರು ಮದ್ದು ಒಟ್ಟಿಗೆ ಕುಡಿದ ರೋಗಿ

ಇಷ್ಟೆಲ್ಲ ಸ್ಪಷ್ಟವಾಗಿದ್ದರೂ ಜನ ದಾರಿ ತಪ್ಪುವುದು ಹೇಗೆ ಎಂಬುದಕ್ಕೆ ಅಮೆರಿಕದ ಮಿನೆಸೋಟಾದಲ್ಲಿರುವ ನನ್ನ ದೊಡ್ಡಪ್ಪನ ಮಗನ ಅನುಭವ ಹೇಳುತ್ತೇನೆ. ಅಲ್ಲಿನ ಟ್ರ್ಯಾಪ್ ಕ್ಲಬ್ ಸೇರಿದ ಅಣ್ಣ ಹಳೆಯ ಗ್ಯಾಸ್ ಕೋವಿಯೊಂದನ್ನು ಕೊಂಡ. ಹತ್ತು ಹೊಡೆತಕ್ಕೆ ಎರಡು ಸಲ ನಿಲ್ಲುತ್ತಿತ್ತು. ಫೋನ್ ಮಾಡಿದಾಗ, “ಏನೇನು ಮಾಡಿದೆ ಅಣ್ಣ?” ಎಂದು ಕೇಳಿದೆ.

“ಎಲ್ಲಾ ಮಾಡಿದೀನೋ ಮಾರಾಯ. ಹಿಂದಿನ ಸ್ಪ್ರಿಂಗ್ ಹೊಸದು ಹಾಕ್ದೆ, ಚೆನ್ನಾಗಿ ಎಣ್ಣೆ ಬಿಟ್ಟೆ, ಬೇರೆ ತೋಟಾ ತಂದೆ. ಎಲ್ಲಾ ಒಂದೇ ಭಾನುವಾರ.”

“ಈಗ ಹೇಗಿದೆ?”

“ಮೊದಲ ದಿನ ಪರವಾಗಿರಲಿಲ್ಲ. ಆಮೇಲೆ ಇನ್ನೂ ಕೆಟ್ಟಿದೆ.”

“ನಿಂತಾಗ ಖಾಲಿ ತೋಟಾ ಎಲ್ಲಿರುತ್ತೆ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಅದನ್ನ ಯಾರು ನೋಡ್ತಾರೋ. ಎಳೆದು ಬಿಸಾಕಿ ಮುಂದಿನದು ಹೊಡೀತೀವಿ.”

ಇನ್ನೇನನ್ನೂ ಬದಲಿಸಬೇಡ, ಮುಂದಿನ ಸಲ ನಿಂತಾಗ ಕೋವಿಯ ಬಾಯಿ ಮೈದಾನದ ಕಡೆಗೇ ಹಿಡಿದು, ಪಕ್ಕದವರಿಂದ ಫೋಟೊ ತೆಗೆಸು ಎಂದೆ. ಎರಡು ವಾರದಲ್ಲಿ ಆರು ಫೋಟೊ ಬಂದವು. ಆರರಲ್ಲೂ ಖಾಲಿ ತೋಟಾ ಕಿಟಕಿಯಲ್ಲಿ ಸಿಕ್ಕಿತ್ತು. ಒಂಟಿ ತೋಟಾದ ಪರೀಕ್ಷೆಯಲ್ಲಿ ಬೋಲ್ಟ್ ಹಿಂದೆ ನಿಲ್ಲಲಿಲ್ಲ. ಅಂದರೆ ಬಲ ಸಾಲುತ್ತಿಲ್ಲ. ಬಲ ಸಾಲದ ಕೋವಿಗೆ ಅವನು ಮಾಡಿದ ಚಿಕಿತ್ಸೆ ನೋಡಿ. ಹೊಸ ಸ್ಪ್ರಿಂಗ್ ಹಳೆಯದಕ್ಕಿಂತ ಗಟ್ಟಿ, ಬೋಲ್ಟ್ ಹಿಂದೆ ಹೋಗುವುದನ್ನು ಅದು ಇನ್ನಷ್ಟು ತಡೆಯಿತು. ಧಾರಾಳವಾಗಿ ಬಿಟ್ಟ ಎಣ್ಣೆ ಮೊದಲ ದಿನ ಜಾರಿಸಿತು, ಆಮೇಲೆ ಮಸಿಯ ಜತೆ ಸೇರಿ ಕೆಸರಾಯಿತು. ಬೇರೆ ತೋಟಾ ಸ್ವಲ್ಪ ಜೋರಿನದಾದ್ದರಿಂದ ಅದು ಕೆಲವೊಮ್ಮೆ ದೋಷವನ್ನು ಮುಚ್ಚಿಟ್ಟಿತು. ಮೂರು ಬದಲಾವಣೆಗಳಲ್ಲಿ ಒಂದು ಕೆಡಿಸಿತು, ಒಂದು ಸುಳ್ಳು ಭರವಸೆ ಕೊಟ್ಟಿತು, ಒಂದು ಸತ್ಯ ಅಡಗಿಸಿತು. ಕಡೆಗೆ ಕ್ಲಬ್ಬಿನ ಕೋವಿ ಮೇಸ್ತ್ರಿ ಆ ಫೋಟೊಗಳನ್ನು ನೋಡಿ, ಕೋವಿ ಬಿಚ್ಚಿ, ಗ್ಯಾಸ್ ತಡೆಯುವ ರಬ್ಬರ್ ಓ-ರಿಂಗ್ ಸೀಳಿರುವುದನ್ನು ತೋರಿಸಿದ. ಕೆಲವೇ ಡಾಲರಿನ ವಸ್ತು.

ಬದಲಿಸುವುದಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದು ಎಂಜಿನಿಯರಿಂಗ್ ಓದಿದ ಪ್ರತಿಯೊಬ್ಬನೂ ಪರೀಕ್ಷೆಯಲ್ಲಿ ಬರೆಯುವ ಮಾತು. ಕೆಲಸಕ್ಕೆ ಇಳಿದಾಗ ಅದು ನೆನಪಿಗೇ ಬರುವುದಿಲ್ಲ.

ಆರೋಪಿಗಳು ಮೂವರು

ಕೋವಿ ನಿಂತಾಗ ಆರೋಪಿಗಳು ಮೂವರು: ಕೋವಿ, ತೋಟಾ, ಹೊಡೆಯುವವನು. ಪ್ರತಿಯೊಬ್ಬರೂ ತಮಗೆ ಅನುಕೂಲವಾದವರ ಕಡೆ ಬೆರಳು ತೋರುತ್ತಾರೆ. ಕೋವಿ ಮಾರಿದವನು ತೋಟಾ ಸರಿಯಿಲ್ಲ ಎನ್ನುತ್ತಾನೆ, ತೋಟಾ ಮಾರಿದವನು ಕೋವಿ ಹಳೆಯದು ಎನ್ನುತ್ತಾನೆ, ಇಬ್ಬರೂ ಸೇರಿ ಹೊಡೆಯುವವನಿಗೆ ಹಿಡಿಯಲು ಬರುವುದಿಲ್ಲ ಎನ್ನುತ್ತಾರೆ. ಹಲವು ಸಲ ಮೂವರೂ ತಪ್ಪಿತಸ್ಥರಲ್ಲ, ಅವರ ಜೋಡಿ ಹೊಂದಿರುವುದಿಲ್ಲ ಅಷ್ಟೆ.

ಒಂದು ಉದಾಹರಣೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ತೋಟಾದೊಳಗಿನ ಚರೆಯ ತೂಕ 24.5 ಗ್ರಾಂ ಮೀರುವಂತಿಲ್ಲ. ಅಮೆರಿಕದ ಕ್ಲಬ್ಬುಗಳಲ್ಲಿ ಸುಮಾರು 28 ಗ್ರಾಂ, 32 ಗ್ರಾಂ ತೋಟಾಗಳು ಸಾಮಾನ್ಯ. ಬೇಟೆಯ ಭಾರಿ ತೋಟಾಕ್ಕೆಂದು ಮಾಡಿದ ಸೆಮಿ ಆಟೋಮ್ಯಾಟಿಕ್‌ಗೆ ಈ 24 ಗ್ರಾಂ ತೋಟಾ ತುಂಬಿದರೆ ಅದು ತಡವರಿಸಬಹುದು. ಕೋವಿಯೂ ಚೆನ್ನಾಗಿದೆ, ತೋಟಾವೂ ಚೆನ್ನಾಗಿದೆ, ಜೋಡಿ ಸರಿಯಿಲ್ಲ. ನಿಯಮ ಸೆಮಿ ಆಟೋಮ್ಯಾಟಿಕ್‌ಗೆ ಅವಕಾಶ ಕೊಟ್ಟರೂ ಒಲಿಂಪಿಕ್ಸ್ ಮಟ್ಟದ ಟ್ರ್ಯಾಪ್, ಸ್ಕೀಟ್‌ನಲ್ಲಿ ಹೆಚ್ಚಿನವರ ಕೈಯಲ್ಲಿ ಒಂದರ ಮೇಲೊಂದು ನಳಿಗೆಯ ಜೋಡುಕೋವಿಯೇ ಇರುವುದಕ್ಕೆ ಇದೂ ಒಂದು ಕಾರಣ. ಹಳೆಯ ಕೋವಿಗಳಲ್ಲಿ ಇನ್ನೊಂದು ಅಪಾಯ ಉಂಟು. ಕೆಲವು ಹಳೆಯ 16 ಬೋರ್ ಆಟೋ-5ಗಳ ಚೇಂಬರ್ 65 ಮಿಲಿಮೀಟರಿನದು, ಇಂದಿನ ತೋಟಾ 70 ಮಿಲಿಮೀಟರಿನದು. ಬಿಚ್ಚಿಕೊಳ್ಳದ ತೋಟಾ ಒಳಗೆ ಹೋಗಿ ಕೂರುತ್ತದೆ, ಸಿಡಿದಾಗ ಬಾಯಿ ಬಿಚ್ಚಲು ಜಾಗ ಇರುವುದಿಲ್ಲ. ನಳಿಗೆಯ ಮೇಲೆ ಕೆತ್ತಿದ ಅಳತೆ ಓದದೆ ಸ್ಪ್ರಿಂಗ್ ಬದಲಿಸುತ್ತ ಕೂತರೆ ಏನು ಪ್ರಯೋಜನ?

ಕೈ ತಡೆಯದಿದ್ದರೆ ಜೀವಕ್ಕೇ ಕುತ್ತು

ಇದು ಕೇವಲ ರಿಪೇರಿಯ ಪ್ರಶ್ನೆಯಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕುದುರೆ ಎಳೆದಾಗ ಸಿಡಿಯದಿದ್ದರೆ ಮದ್ದು ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಉಂಟು. ಕನಿಷ್ಠ ಅರ್ಧ ನಿಮಿಷ ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದೇ ಕಾಯಬೇಕು. ‘ಢಂ’ ಎನ್ನಬೇಕಾದದ್ದು ‘ಪುಸ್’ ಎಂದರೆ ಇನ್ನೂ ಅಪಾಯ. ಚರೆ ಹಿಡಿದಿಡುವ ಪ್ಲಾಸ್ಟಿಕ್ ವ್ಯಾಡ್ ನಳಿಗೆಯಲ್ಲೇ ಉಳಿದಿರಬಹುದು. ಅದನ್ನು ‘ತೋಟಾ ವೀಕು’ ಎಂದುಕೊಂಡು ಬೋಲ್ಟ್ ಎಳೆದು ಮುಂದಿನದು ಹೊಡೆದರೆ ನಳಿಗೆಯೇ ಒಡೆಯಬಹುದು. ಕೋವಿ ಪೂರ್ತಿ ಖಾಲಿ ಮಾಡಿ, ನಳಿಗೆಯ ಆಚೆ ತುದಿಯ ಬೆಳಕು ಕಾಣುತ್ತದೆಯೇ ಎಂದು ನೋಡದೆ ಮುಂದುವರಿಯಬಾರದು. 20 ಬೋರ್ ತೋಟಾಗಳಿಗೆ ಹಳದಿ ಬಣ್ಣ ಇರುವುದೂ ಇಂಥದೇ ಕಾರಣಕ್ಕೆ. 12 ಬೋರ್ ಕೋವಿಯಲ್ಲಿ ಅದು ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಚೇಂಬರ್ ಖಾಲಿ ಕಾಣುತ್ತದೆ. ಏಕೆ ಖಾಲಿ ಎಂದು ಕೇಳದೆ ಇನ್ನೊಂದು ತುಂಬಿದವರ ಕೈಬೆರಳು ಹೋಗಿರುವುದುಂಟು.

ಅಂದರೆ, ಯಂತ್ರ ನಿರೀಕ್ಷೆಯಂತೆ ನಡೆಯದಿದ್ದಾಗ ಎರಡನೇ ಸಲ ಒತ್ತುವುದು ನಮ್ಮ ಸಹಜ ಪ್ರವೃತ್ತಿ. ಕೋವಿಯಲ್ಲಿ ಆ ಪ್ರವೃತ್ತಿಗೆ ಕ್ಷಮೆ ಇಲ್ಲ. ಅದಕ್ಕೇ ಅದು ಒಳ್ಳೆಯ ಗುರು.

ಎಲ್ಲರೂ ಮೇಸ್ತ್ರಿಗಳಾಗಬೇಕೇ?

ಇದಕ್ಕೆ ಎರಡು ಆಕ್ಷೇಪಗಳಿವೆ, ಎರಡರಲ್ಲೂ ಹುರುಳಿದೆ. ಮೊದಲನೆಯದು, ರಿಪೇರಿ ಬಲ್ಲವರ ಕೆಲಸ, ಬಳಸುವವನಿಗೆ ಇದೆಲ್ಲ ಏಕೆ ಎಂಬುದು. ಒಪ್ಪುತ್ತೇನೆ. ಭಾರತದ 1959ರ ಶಸ್ತ್ರ ಕಾಯ್ದೆಯಲ್ಲಂತೂ ಆಯುಧ ರಿಪೇರಿಯ ಕಸುಬಿಗೇ ಪ್ರತ್ಯೇಕ ಲೈಸೆನ್ಸ್ ಬೇಕು. ಕೋವಿ ಇರುವ ಮಾತ್ರಕ್ಕೆ ಅದರ ಒಳಭಾಗ ಉಜ್ಜಿ ತೇಯುವ ಹಕ್ಕು ಬರುವುದಿಲ್ಲ. ನಾನು ಹೇಳುತ್ತಿರುವುದು ಬಿಚ್ಚುವ ಮಾತಲ್ಲ, ನೋಡುವ ಮಾತು. ಶುಚಿ ಮಾಡುವುದು, ಅಳತೆ ಓದುವುದು, ನಿಂತ ಭಂಗಿ ಗಮನಿಸುವುದು, ಅದನ್ನು ಬಲ್ಲವನಿಗೆ ನೆಟ್ಟಗೆ ಹೇಳುವುದು ಬಳಸುವವನ ಪಾಲಿನ ಕೆಲಸ. ಮೇಸ್ತ್ರಿಯ ಮೇಜಿನ ಮೇಲೆ ಕೋವಿ ಸದ್ದಿಲ್ಲದೆ ಮಲಗಿರುತ್ತದೆ. ಅದು ಮೈದಾನದಲ್ಲಿ ಹೇಗೆ ನಿಂತಿತು ಎಂಬುದು ಅವನಿಗೆ ಕಾಣುವುದಿಲ್ಲ. ಒಳ್ಳೆಯ ದೂರು ಅರ್ಧ ರಿಪೇರಿ.

ಎರಡನೆಯದು, ಕೆಲಸ ನಿಂತಿರುವಾಗ ತನಿಖೆಗೆ ಪುರುಸೊತ್ತು ಎಲ್ಲಿ ಎಂಬುದು. ನನ್ನ ವೃತ್ತಿಯಲ್ಲಿ ಇದನ್ನು ದಿನಾ ಕೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಸರ್ವರ್ ನಿಂತರೆ ಮೊದಲ ಮಾತು ‘ರೀಸ್ಟಾರ್ಟ್ ಮಾಡು’. ಗ್ರಾಹಕ ಕಾಯುತ್ತಿರುವಾಗ ಸೇವೆ ಮೊದಲು ಮರಳಬೇಕು ಎನ್ನುವುದು ಸರಿಯೇ. ಆದರೆ ರೀಸ್ಟಾರ್ಟ್‌ಗೆ ಮೊದಲು ಆ ಕ್ಷಣದ ಸ್ಥಿತಿಯನ್ನು ತೆಗೆದಿಟ್ಟುಕೊಳ್ಳಲು ಒಂದೆರಡು ನಿಮಿಷ ಸಾಕು. ಅದನ್ನು ಬಿಟ್ಟರೆ ಬೆಳಗಿನ ಮೀಟಿಂಗಿನಲ್ಲಿ ಸಾಕ್ಷ್ಯ ಇರುವುದಿಲ್ಲ. ಸಾಕ್ಷ್ಯ ಇಲ್ಲದ ಮೀಟಿಂಗಿನಲ್ಲಿ ತಪ್ಪು ಹೋಗಿ ಕೂರುವುದು ದನಿ ಕಡಿಮೆ ಇರುವವರ ತಲೆಯ ಮೇಲೆ: ಹೊಸದಾಗಿ ಸೇರಿದ ಹುಡುಗಿ, ಗುತ್ತಿಗೆಯ ಹುಡುಗ, ಬೇರೆ ಊರಿನಿಂದ ಬಂದು ಸ್ಥಳೀಯ ಭಾಷೆ ಬಾರದವನು. ಹೊರನಾಡಿನಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಂತ ಭಂಗಿಯನ್ನು ದಾಖಲಿಸುವುದು ಯಂತ್ರಕ್ಕೆ ಮಾಡುವ ಉಪಕಾರ ಮಾತ್ರವಲ್ಲ, ಮನುಷ್ಯರಿಗೆ ಮಾಡುವ ನ್ಯಾಯವೂ ಹೌದು.

ಇನ್ನೊಂದು ಮಾತು ನಮ್ಮೆಲ್ಲರ ಮನೆಯದು. ದೆಹಲಿಯಲ್ಲೋ ಚೆನ್ನೈಯಲ್ಲೋ ಕೂತು ಊರಿನ ಮನೆಯ ಕಷ್ಟವನ್ನು ಫೋನಿನಲ್ಲೇ ಬಗೆಹರಿಸುವ ಕೆಲಸ ನಮಗೆಲ್ಲ ಗಂಟುಬಿದ್ದಿದೆ. “ಮೋಟರ್ ಕೆಟ್ಟಿದೆ ಮಗ” ಎಂದು ಅಪ್ಪ ಹೇಳುತ್ತಾರೆ. ನಾವು ಇಲ್ಲಿಂದಲೇ ದುಡ್ಡು ಕಳಿಸಿ ಹೊಸ ಮೋಟರ್ ಹಾಕಿಸುತ್ತೇವೆ. ಸದ್ದು ಬರುತ್ತಿದ್ದು ನೀರು ಬರುತ್ತಿಲ್ಲವೇ, ಸದ್ದೇ ಇಲ್ಲವೇ, ಒಂದು ನಿಮಿಷ ಓಡಿ ನಿಂತಿತೇ ಎಂಬ ಮೂರು ಪ್ರಶ್ನೆ ಕೇಳುವ ತಾಳ್ಮೆ ನಮಗಿಲ್ಲ. ಸದ್ದಿದ್ದು ನೀರಿಲ್ಲದಿದ್ದರೆ ಕೆಳಗಿನ ಫುಟ್‌ವಾಲ್ವ್ ಸೋರುತ್ತಿರಬಹುದು, ಗುಂಯ್ ಎಂದು ತಿರುಗದಿದ್ದರೆ ಕೆಪಾಸಿಟರ್ ಹೋಗಿರಬಹುದು. ದೂರದಲ್ಲಿರುವವರಿಗೆ ಕೈ ಇಲ್ಲ, ಇರುವುದು ಪ್ರಶ್ನೆ ಮಾತ್ರ. ಆ ಪ್ರಶ್ನೆ ಸರಿಯಾಗಿರಬೇಕು.

ಆದ್ದರಿಂದ ನನ್ನ ಸಲಹೆ ಸರಳವಾದದ್ದು. ಏನೇ ಕೆಟ್ಟರೂ ಮುಟ್ಟುವ ಮೊದಲು ಐದು ಸಂಗತಿ ಬರೆದುಕೊಳ್ಳಿ. ಯಾವ ಹಂತದಲ್ಲಿ ನಿಂತಿತು? ಆಗ ಏನು ಕಂಡಿತು, ಏನು ಕೇಳಿಸಿತು? ಎಷ್ಟು ಸಲಕ್ಕೆ ಒಮ್ಮೆ ಹೀಗಾಗುತ್ತದೆ? ಹಿಂದೆ ಸರಿಯಿದ್ದಾಗಿನಿಂದ ಈಚೆಗೆ ಏನು ಬದಲಾಗಿದೆ? ನಾನು ಈಗಾಗಲೇ ಏನು ಮಾಡಿದ್ದೇನೆ? ಕೊನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವುದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಉಪಯುಕ್ತ ಕೂಡ. ಈ ಚೀಟಿ ಕೈಗೆ ಸಿಕ್ಕರೆ ಕೋವಿ ಮೇಸ್ತ್ರಿಯೂ ಪಂಪ್ ಮೆಕ್ಯಾನಿಕ್ಕನೂ ನಿಮ್ಮ ಪಕ್ಕದ ಟೇಬಲ್ಲಿನ ಸಹೋದ್ಯೋಗಿಯೂ ಊಹೆಯಿಂದ ಶುರು ಮಾಡಬೇಕಾಗುವುದಿಲ್ಲ. ಅವರ ಅರ್ಧ ದಿನ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.